ಕೆಸುವೂ ಅಡಿಕೆಯೂ

ಮಲೆನಾಡಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಮನೆಯ ಮುಂದೆ ಅಂಗಳ. ಅಂಗಳದಿಂದ ಕೆಳಗಿಳಿದರೆ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಅಡಿಕೆಯ ತೋಟ. ಮನೆಯ ಹಿಂದೆ, ಬಚ್ಚಲ ನೀರು ಹರಿದುಹೋಗುವ ಕಡೆ, ಬಾಳೆಯ ಬುಡದ ಆಚೆಗೆ, ಅಗಲವಾದ ಎಲೆಗಳನ್ನು ಬಾಗಿಸಿ ನಿಂತ ಕೆಸುವಿನ ಗಿಡಗಳು. ಮನೆಗೆ ಬಂದ ನೆಂಟರು ಮೊದಲು ಕೇಳುವುದು ತೋಟದ ಯೋಗಕ್ಷೇಮವನ್ನು. ‘ಈ ವರ್ಷ ಫಸಲು ಹೇಗಿದೆ? ಕೊಳೆ ಬಂದಿದೆಯೇ? ಧಾರಣೆ ಎಷ್ಟಿದೆ?’ ಎಂದು ಅವರು ವಿಚಾರಿಸುತ್ತಾರೆ. ಹಿತ್ತಲಿನ ಕೆಸುವಿನ ಕ್ಷೇಮವನ್ನು ಯಾರೂ ಕೇಳುವುದಿಲ್ಲ. ಆದರೆ ಅದೇ ನೆಂಟರು ಊಟಕ್ಕೆ ಕುಳಿತಾಗ ಎಲೆಯ ತುದಿಗೆ ಕೆಸುವಿನ ಕರಕಲಿ ಬಿದ್ದರೆ ಎರಡನೆಯ ಸಲ ಬಡಿಸಿಕೊಳ್ಳದೆ ಬಿಡುವುದಿಲ್ಲ.

ಒಂದೇ ಮಣ್ಣಿನಲ್ಲಿ, ಒಂದೇ ಮಳೆಯಲ್ಲಿ ಬೆಳೆಯುವ ಈ ಎರಡು ಸಸ್ಯಗಳ ಸ್ವಭಾವ, ಅಗತ್ಯ ಮತ್ತು ಉಪಯೋಗಗಳು ಒಂದಕ್ಕೊಂದು ಎಷ್ಟು ಭಿನ್ನವಾಗಿವೆ ಎಂಬುದನ್ನು ನೋಡಿದರೆ, ಮಲೆನಾಡಿನ ಬದುಕಿನ ರೀತಿಯೇ ಅರ್ಥವಾಗುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ—ಈ ಮೂರು ತಾಲ್ಲೂಕುಗಳು ಪಶ್ಚಿಮ ಘಟ್ಟದ ನೆತ್ತಿಗೆ ಹೊಂದಿಕೊಂಡಿವೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲೂ ಮಳೆಗೆ ಹೆಸರಾದ ಸ್ಥಳವೇ. ಶರಾವತಿ ಹುಟ್ಟುವುದು, ತುಂಗೆ ಹರಿಯುವುದು ಈ ನಾಡಿನಲ್ಲಿಯೇ. ಕೆಳದಿಯ ಅರಸರ ಕೊನೆಯ ರಾಜಧಾನಿಯಾದ ಬಿದನೂರು, 1763ರಲ್ಲಿ ಹೈದರಾಲಿಯ ಕೈಸೇರಿದ ಮೇಲೆ ‘ನಗರ’ವೆಂಬ ಹೆಸರನ್ನು ಪಡೆಯಿತು. ಕೆಳದಿಯ ಶಿವಪ್ಪನಾಯಕನು ಹದಿನೇಳನೆಯ ಶತಮಾನದಲ್ಲಿ ಜಾರಿಗೆ ತಂದ ಭೂಕಂದಾಯದ ವ್ಯವಸ್ಥೆ ‘ಶಿಸ್ತು’ ಎಂದು ಪ್ರಸಿದ್ಧವಾಗಿದೆ. ಆ ವ್ಯವಸ್ಥೆಯಲ್ಲಿ ತೋಟಗಳ ಕಂದಾಯವನ್ನು ಅಡಿಕೆ ಮರಗಳ ಎಣಿಕೆಯ ಮೇಲೆ ಗೊತ್ತುಮಾಡಲಾಗುತ್ತಿತ್ತು. 1801ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನೂ ಅಡಿಕೆ ತೋಟಗಳ ಬೇಸಾಯವನ್ನು ಬರೆದಿಟ್ಟಿದ್ದಾನೆ. ಅರಸನ ಲೆಕ್ಕದ ಪುಸ್ತಕಕ್ಕೂ ಪ್ರವಾಸಿಯ ದಿನಚರಿಗೂ ಸೇರುವ ಭಾಗ್ಯ ಅಡಿಕೆಯದು. ಹಿತ್ತಲಿನ ಕೆಸುವನ್ನು ಎಣಿಸುವ ಗೊಡವೆ ಯಾರಿಗೆ ಬೇಕಿತ್ತು?

ಅಡಿಕೆ ತಾಳೆಯ ಜಾತಿಗೆ ಸೇರಿದ ಮರ. ಕೊಂಬೆಗಳಿಲ್ಲದ ಒಂದೇ ಕಾಂಡ, ತಲೆಯ ಮೇಲೆ ಸೋಗೆಗಳ ಮುಡಿ. ಅದರ ಬೇಸಾಯ ತಾಳ್ಮೆಯ ಬೇಸಾಯ. ಚೆನ್ನಾಗಿ ಫಲ ಕೊಡುವ ಹಳೆಯ ಮರದಿಂದ ಹಣ್ಣಡಿಕೆಯನ್ನು ಆರಿಸಿ, ಮಡಿಯಲ್ಲಿ ಬಿತ್ತಿ, ಮೊಳೆತ ಸಸಿಯನ್ನು ಒಂದು ಒಂದೂವರೆ ವರ್ಷ ಜೋಪಾನ ಮಾಡಿ, ಬಳಿಕ ತೋಟದಲ್ಲಿ ಸುಮಾರು ಒಂಬತ್ತು ಅಡಿಗಳ ಅಂತರದಲ್ಲಿ ನೆಡಬೇಕು. ನೆಟ್ಟ ಸಸಿ ಮೊದಲ ಫಲವನ್ನು ಕೊಡಲು ಐದರಿಂದ ಏಳು ವರ್ಷಗಳು ಬೇಕು. ಒಮ್ಮೆ ಫಲ ಕೊಡತೊಡಗಿದರೆ ನಾಲ್ಕೈದು ದಶಕಗಳ ಕಾಲ ಅದು ಮನೆತನವನ್ನು ಸಾಕುತ್ತದೆ. ಆದುದರಿಂದ ಅಡಿಕೆಯ ಸಸಿಯನ್ನು ನೆಡುವವನು ತನಗಾಗಿ ನೆಡುವುದಕ್ಕಿಂತ ಹೆಚ್ಚಾಗಿ ತನ್ನ ಮಕ್ಕಳಿಗಾಗಿ ನೆಡುತ್ತಾನೆ.

ಅಡಿಕೆಯ ಮರ ನೋಡಲು ನೀಳವಾಗಿ ಗಟ್ಟಿಯಾಗಿ ಕಂಡರೂ ಸ್ವಭಾವದಲ್ಲಿ ಬಹು ಸೂಕ್ಷ್ಮ. ಅದಕ್ಕೆ ಬಿರುಬಿಸಿಲು ಒಗ್ಗದು. ಪಡುವಣ ದಿಕ್ಕಿನ ಇಳಿಬಿಸಿಲು ನೇರವಾಗಿ ಬಿದ್ದರೆ ಕಾಂಡ ಸುಟ್ಟು ಸೀಳುತ್ತದೆ. ಆದ್ದರಿಂದಲೇ ಹಿರಿಯರು ಗುಡ್ಡಗಳ ಮರೆಯಿರುವ ಕಣಿವೆಗಳನ್ನು ಆರಿಸಿ ತೋಟಗಳನ್ನು ಮಾಡಿದರು. ಎಳೆಯ ಸಸಿಗಳ ಬಳಿ ನೆರಳಿಗೆಂದು ಬಾಳೆಯನ್ನು ನೆಟ್ಟರು. ಅದಕ್ಕೆ ನೀರು ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಬೇಸಗೆಯಲ್ಲಿ ಒಣಗಿದರೂ ಅದು ಸೊರಗುತ್ತದೆ. ಮಳೆಗಾಲದಲ್ಲಿ ನೀರು ಕಟ್ಟಿಕೊಂಡರೂ ಬೇರು ಉಸಿರಾಡಲಾರದೆ ಕೊಳೆಯುತ್ತದೆ. ಇದಕ್ಕಾಗಿ ಮರಗಳ ಸಾಲುಗಳ ನಡುವೆ ಬಸಿಗಾಲುವೆಗಳನ್ನು ತೋಡುತ್ತಾರೆ. ಮಲೆನಾಡಿನ ಮಾತಿನಲ್ಲಿ ಇವಕ್ಕೆ ಕಾದಿಗೆ ಎಂದು ಹೆಸರು. ಅಡಿಕೆಯ ಬೇರುಗಳು ಬಹುಮಟ್ಟಿಗೆ ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ಬುಡಕ್ಕೆ ಸೊಪ್ಪು, ಗೊಬ್ಬರ, ಹೊಸ ಮಣ್ಣು ಬೇಕು. ಈ ಸೊಪ್ಪಿಗಾಗಿಯೇ ತೋಟದ ಮೇಲ್ಭಾಗದಲ್ಲಿ ‘ಸೊಪ್ಪಿನ ಬೆಟ್ಟ’ವೆಂಬ ಕಾಡನ್ನು ಬಿಟ್ಟುಕೊಂಡು ಬಂದಿದ್ದಾರೆ. ಒಂದು ಅಡಿಕೆ ತೋಟದ ಹಿಂದೆ ಒಂದು ಬೆಟ್ಟ, ಒಂದು ಹಳ್ಳ, ಒಂದು ಕೊಟ್ಟಿಗೆ, ಹಲವರ ಬೆವರು—ಇಷ್ಟೆಲ್ಲ ನಿಂತಿರುತ್ತದೆ.

ಕೆಸುವಿನ ಕತೆ ಬೇರೆ. ಅದು ಮರವಲ್ಲ, ಬಳ್ಳಿಯಲ್ಲ. ನೆಲದೊಳಗಿನ ಗೆಡ್ಡೆಯಿಂದ ನೇರವಾಗಿ ದಂಟು ಮತ್ತು ಎಲೆಗಳನ್ನು ಹೊರಡಿಸುವ ಗಿಡ. ಬೇಸಗೆಯಲ್ಲಿ ಅದು ಇದ್ದ ಸುಳಿವೂ ಇರುವುದಿಲ್ಲ. ಮೊದಲ ಮಳೆ ನೆಲವನ್ನು ತೋಯಿಸಿದೊಡನೆ ಎಲ್ಲಿಯೋ ಅಡಗಿದ್ದ ಗೆಡ್ಡೆ ಕಣ್ಣು ತೆರೆದು ಸುರುಳಿ ಸುತ್ತಿದ ಎಲೆಯನ್ನು ಹೊರಗೆ ಚಾಚುತ್ತದೆ. ಒಂದೆರಡು ತಿಂಗಳಲ್ಲಿ ಎಲೆಗಳನ್ನು ಕೊಯ್ಯಬಹುದು. ಆರರಿಂದ ಎಂಟು ತಿಂಗಳಲ್ಲಿ ಗೆಡ್ಡೆ ಬಲಿಯುತ್ತದೆ. ಗೆಡ್ಡೆಯನ್ನು ಕಿತ್ತಾಗ ತಾಯಿಗೆಡ್ಡೆಯ ಸುತ್ತ ಅಂಟಿಕೊಂಡಿರುವ ಮರಿಗೆಡ್ಡೆಗಳಲ್ಲಿ ನಾಲ್ಕಾರನ್ನು ಮರಳಿ ಮಣ್ಣಿಗೆ ಹಾಕಿದರೆ ಮುಂದಿನ ವರ್ಷದ ಬೆಳೆಗೆ ಅದೇ ಬಿತ್ತನೆ.

ನೀರಿನ ವಿಷಯದಲ್ಲಿ ಕೆಸು ಅಡಿಕೆಗೆ ನೇರ ವಿರುದ್ಧ. ಅದರ ದಂಟನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಸಣ್ಣ ಸಣ್ಣ ರಂಧ್ರಗಳಿಂದ ಕೂಡಿದ ಸ್ಪಂಜಿನಂತೆ ಕಾಣುತ್ತದೆ. ಈ ರಂಧ್ರಗಳ ಮೂಲಕ ಗಾಳಿ ಎಲೆಯಿಂದ ಬೇರಿನವರೆಗೂ ಇಳಿಯುತ್ತದೆ. ಆದುದರಿಂದ ನೀರು ನಿಂತ ಕೆಸರಿನಲ್ಲಿಯೂ ಕೆಸುವಿನ ಬೇರು ಉಸಿರುಕಟ್ಟಿ ಸಾಯುವುದಿಲ್ಲ. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಭತ್ತದ ಗದ್ದೆಗಳಂತೆ ನೀರು ಕಟ್ಟಿದ ಮಡಿಗಳಲ್ಲಿಯೇ ಕೆಸುವನ್ನು ಬೆಳೆಯುತ್ತಾರೆ. ಮಲೆನಾಡಿನಲ್ಲಿಯೂ ತೋಟದ ಕಾದಿಗೆಯ ಅಂಚಿನಲ್ಲಿ ಕೆಸು ತಾನಾಗಿ ಬೆಳೆದಿರುವುದನ್ನು ನೋಡಬಹುದು. ಅಡಿಕೆ ತನಗೆ ಬೇಡವೆಂದು ಹೊರಗೆ ಹರಿಸಿದ ನೀರನ್ನು ಕೆಸು ಕುಡಿದು ಕೊಬ್ಬುತ್ತದೆ. ನೆರಳು ಬಿದ್ದರೂ ಅದಕ್ಕೆ ಚಿಂತೆಯಿಲ್ಲ. ಆದರೆ ತೇವ ಒಣಗಿದರೆ ಮಾತ್ರ ಅದರ ಅಗಲವಾದ ಎಲೆಗಳು ಒಂದೇ ಹಗಲಿನಲ್ಲಿ ಜೋಲುಬೀಳುತ್ತವೆ.

ಪ್ರತಿಯೊಂದು ಸಸ್ಯಕ್ಕೂ ತನ್ನದೇ ಆದ ತವರು ಇರುತ್ತದೆ ಎಂಬುದಕ್ಕೆ ದೂರದ ಇನ್ನೊಂದು ಉದಾಹರಣೆಯನ್ನು ಕೊಡಬಹುದು. ಟರ್ಕಿ ದೇಶದ ಕಪ್ಪು ಸಮುದ್ರದ ಕರಾವಳಿಯಲ್ಲಿ ಹೇಜಲ್ ಎಂಬ ಪೊದೆಮರವನ್ನು ಬೆಳೆಯುತ್ತಾರೆ. ಜಗತ್ತಿನ ಹೇಜಲ್ ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಆ ಒಂದು ದೇಶದಿಂದಲೇ ಬರುತ್ತದೆ. ಚಾಕೊಲೇಟು ಮತ್ತು ಸಿಹಿತಿಂಡಿಗಳಿಗೆ ಅದು ಬಳಕೆಯಾಗುತ್ತದೆ. ಆ ಕರಾವಳಿಯಲ್ಲಿಯೂ ಮಳೆ ಹೆಚ್ಚು, ಇಳಿಜಾರು ಹೆಚ್ಚು. ಹಾಗೆಂದು ಹೇಜಲನ್ನು ತಂದು ತೀರ್ಥಹಳ್ಳಿಯಲ್ಲಿ ನೆಟ್ಟರೆ ಅದು ಫಲ ಕೊಡಲಾರದು. ಚಳಿಗಾಲದಲ್ಲಿ ಹಲವು ವಾರಗಳ ಕಾಲ ಕೊರೆಯುವ ಶೈತ್ಯವನ್ನು ಉಂಡಲ್ಲದೆ ಅದರ ಮೊಗ್ಗುಗಳು ಎಚ್ಚರಗೊಳ್ಳುವುದಿಲ್ಲ. ಅಡಿಕೆಗೆ ಅದೇ ಶೈತ್ಯ ಮೃತ್ಯುವಿಗೆ ಸಮಾನ. ಮಳೆಯೊಂದೇ ಸಸ್ಯದ ಭಾಗ್ಯವನ್ನು ನಿರ್ಣಯಿಸುವುದಿಲ್ಲ. ಬಿಸಿಲು, ಚಳಿ, ಮಣ್ಣು, ನೀರಿನ ನಿಲುಗಡೆ, ಇವೆಲ್ಲ ಸೇರಿ ನಿರ್ಣಯಿಸುತ್ತವೆ.

ಇನ್ನು ಉಪಯೋಗಗಳ ಕಡೆಗೆ ನೋಡಬಹುದು. ಅಡಿಕೆಯ ಮರದಲ್ಲಿ ಎಸೆಯುವಂತಹದು ಯಾವುದೂ ಇಲ್ಲ. ಸೋಗೆ ಮಾಡಿಗೆ ಹೊದಿಕೆಯಾಗುತ್ತದೆ, ತೋಟದ ನೆಲಕ್ಕೆ ಮುಚ್ಚಿಗೆಯಾಗುತ್ತದೆ. ಹಾಳೆ ಹಿಂದೆ ಕೆಲಸಗಾರರ ತಲೆಗೆ ಟೋಪಿಯಾಗಿತ್ತು; ಇಂದು ಯಂತ್ರದಲ್ಲಿ ಒತ್ತಿದ ಊಟದ ತಟ್ಟೆಯಾಗಿ ಪಟ್ಟಣಗಳಿಗೆ ಹೋಗುತ್ತಿದೆ. ಸೀಳಿದ ಮರದ ದಬ್ಬೆ ಬೇಲಿಗೂ ಅಟ್ಟಕ್ಕೂ ಬರುತ್ತದೆ. ಕೊನೆ ಇಳಿಸುವವರು ಮರದಿಂದ ಮರಕ್ಕೆ ತೂಗಿ ಸಾಗುತ್ತ ಕಾಯಿಯ ಗೊನೆಗಳನ್ನು ಕೆಳಗಿಳಿಸುತ್ತಾರೆ. ರಾತ್ರಿಯ ಹೊತ್ತು ಮನೆಯ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಾರೆ. ಸುಲಿದುದನ್ನು ಹಂಡೆಯಲ್ಲಿ ಬೇಯಿಸಿ, ಚೊಗರಿನ ಬಣ್ಣ ಕೊಟ್ಟು, ಅಟ್ಟದ ಮೇಲೆ ಒಣಗಿಸುತ್ತಾರೆ. ಬಳಿಕ ಅದು ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಹೆಸರುಗಳಲ್ಲಿ ಮಾರುಕಟ್ಟೆಗೆ ಹೋಗುತ್ತದೆ. ಮಧ್ಯವರ್ತಿಗಳ ಕೈಯಲ್ಲಿ ಬೆಳೆಗಾರರು ನಲುಗಬಾರದೆಂದು ಮಲೆನಾಡಿನ ಬೆಳೆಗಾರರ ಸಹಕಾರಿ ಮಾರಾಟ ಸಂಘ ‘ಮ್ಯಾಮ್ಕೋಸ್’ 1939ರಲ್ಲಿಯೇ ಸ್ಥಾಪನೆಯಾಯಿತು. ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ, ಮನೆಯ ಹೆಂಚು, ವೈದ್ಯರ ಖರ್ಚು—ಎಲ್ಲದಕ್ಕೂ ಮಲೆನಾಡಿಗೆ ಅಡಿಕೆಯೇ ಆಧಾರ.

ಮದುವೆಗೆ ಕರೆಯುವಾಗ, ಮಾತು ಕೊಡುವಾಗ, ಹಿರಿಯರಿಗೆ ನಮಸ್ಕರಿಸುವಾಗ ವೀಳ್ಯದೆಲೆಯೊಡನೆ ಅಡಿಕೆ ಇರಲೇಬೇಕು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯೂ ಉಂಟು. ಆದರೆ ಸತ್ಯದ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಅಡಿಕೆ ಹಸಿವನ್ನು ಹಿಂಗಿಸುವ ಆಹಾರವಲ್ಲ. ಅದನ್ನು ನಿತ್ಯವೂ ಅಗಿಯುವುದರಿಂದ ಬಾಯಿಯ ಒಳಪದರ ಬಿಗಿದುಕೊಳ್ಳುತ್ತದೆ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಹೊಗೆಸೊಪ್ಪು ಬೆರೆಸದಿದ್ದರೂ ಅಡಿಕೆ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಪೂಜೆಯ ತಟ್ಟೆಯಲ್ಲಿ ಶೋಭಿಸುವ ವಸ್ತು ಬಾಯಿಯ ಚಟವಾದಾಗ ಹಾನಿಯನ್ನು ತರುತ್ತದೆ. ಬೆಳೆಗಾರನಿಗೂ ಈ ವಿಚಾರ ಒಳಗೊಳಗೆ ಚಿಂತೆಯನ್ನು ತಂದಿದೆ.

ಕೆಸುವಿಗೆ ಇಂತಹ ಗೌರವವೂ ಇಲ್ಲ, ಇಂತಹ ಅಪವಾದವೂ ಇಲ್ಲ. ಅದರ ದೋಷ ಒಂದೇ: ತುರಿಕೆ. ಎಲೆ, ದಂಟು, ಗೆಡ್ಡೆಗಳ ಒಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳು ಅಡಗಿವೆ. ಹಸಿಯಾಗಿ ಬಾಯಿಗೆ ಹಾಕಿದರೆ ಅವು ನಾಲಿಗೆಯನ್ನೂ ಗಂಟಲನ್ನೂ ಚುಚ್ಚುತ್ತವೆ. ಮೇಯಲು ಬರುವ ಪ್ರಾಣಿಗಳಿಂದ ತನ್ನನ್ನು ರಕ್ಷಿಸಿಕೊಳ್ಳಲು ಗಿಡ ಕಟ್ಟಿಕೊಂಡ ಕೋಟೆ ಇದು. ಈ ಕೋಟೆಯನ್ನು ಭೇದಿಸುವ ಉಪಾಯವನ್ನು ಕಂಡುಹಿಡಿದವರು ಅಡಿಗೆಯ ಮನೆಯ ಹೆಂಗಸರು. ಚೆನ್ನಾಗಿ ಬೇಯಿಸಿ, ಹುಣಸೆ, ವಾಟೆ, ಅಮಟೆ ಅಥವಾ ಕಂಚಿಯ ಹುಳಿಯನ್ನು ಸೇರಿಸಿದರೆ ತುರಿಕೆ ಅಡಗುತ್ತದೆ. ಎಲೆಗಳಿಗೆ ಅಕ್ಕಿ ಮಸಾಲೆಯ ಹಿಟ್ಟನ್ನು ಬಳಿದು, ಸುತ್ತಿ, ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ಹಸಿಮೆಣಸು, ಬೆಳ್ಳುಳ್ಳಿ, ಹುಳಿಗಳೊಡನೆ ಎಲೆಗಳನ್ನು ಕರಗುವಂತೆ ಬೇಯಿಸಿದರೆ ಕರಕಲಿ. ದಂಟಿನಿಂದ ಹುಳಿ, ಗೆಡ್ಡೆಯಿಂದ ಪಲ್ಯ ಮತ್ತು ಸಾಂಬಾರು. ಕರಿಕೆಸು, ಬಿಳಿಕೆಸುಗಳಲ್ಲದೆ ಮಳೆಗಾಲದಲ್ಲಿ ಮರಗಳ ಕವಲುಗಳ ಮೇಲೆ ಬೆಳೆಯುವ ಮರಗೆಸು ಎಂಬ ನಂಟಿನ ಗಿಡವೂ ಉಂಟು. ಪತ್ರೊಡೆಗೆ ಅದು ಶ್ರೇಷ್ಠವೆಂದು ಮಲೆನಾಡಿನವರ ಮತ. ಕೆಸುವಿನ ಗೆಡ್ಡೆಯ ಪಿಷ್ಟದ ಕಣಗಳು ಬಹಳ ಸಣ್ಣವಾದ್ದರಿಂದ ಸುಲಭವಾಗಿ ಜೀರ್ಣವಾಗುತ್ತವೆ. ಎಲೆಯಲ್ಲಿ ಜೀವಸತ್ವಗಳೂ ಖನಿಜಗಳೂ ಇವೆ. ಸೂರ್ಯನ ಮುಖ ಕಾಣದ ಆಷಾಢದಲ್ಲಿ, ಬೇರೆ ತರಕಾರಿಗಳೆಲ್ಲ ಕೊಳೆತು ಹೋಗುವ ದಿನಗಳಲ್ಲಿ, ಹಿತ್ತಲಿಗೆ ಹೋಗಿ ಹತ್ತು ಎಲೆ ಕೊಯ್ದು ತಂದರೆ ಮನೆಮಂದಿಯ ಊಟಕ್ಕೆ ಸಾಕಾಗುತ್ತದೆ.

ಹೀಗೆ ಎಲ್ಲ ರೀತಿಯಿಂದಲೂ ಭಿನ್ನವಾದ ಈ ಎರಡು ಸಸ್ಯಗಳಿಗೆ ಶತ್ರು ಮಾತ್ರ ಒಂದೇ ವಂಶದ್ದು. ಮಳೆಗಾಲದಲ್ಲಿ ಎಳೆಯ ಅಡಿಕೆಕಾಯಿಗಳು ಕಪ್ಪಾಗಿ, ಮೇಲೆ ಬಿಳಿಯ ಬೂಷ್ಟು ಕಟ್ಟಿ, ರಾಶಿರಾಶಿಯಾಗಿ ಉದುರುವುದೇ ಕೊಳೆರೋಗ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು. ರೋಗಕ್ಕೆ ಕಾರಣವಾದುದು ಫೈಟೋಫ್ತೋರ ಎಂಬ ಸೂಕ್ಷ್ಮಜೀವಿ. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ‘ಸಸ್ಯನಾಶಕ’ ಎಂದು ಅರ್ಥ. ಹಿಂದೆ ಇದನ್ನು ಶಿಲೀಂಧ್ರವೆಂದೇ ಎಣಿಸುತ್ತಿದ್ದರು. ಇಂದಿನ ವಿಜ್ಞಾನ ಇದನ್ನು ನೀರುಬೂಷ್ಟುಗಳ ಬೇರೆ ವರ್ಗಕ್ಕೆ ಸೇರಿಸಿದೆ. ಇದರ ಬೀಜಕಣಗಳು ನೀರಿನ ಹನಿಯಲ್ಲಿ ಈಜಬಲ್ಲವು; ಗಾಳಿಮಳೆ ಅವನ್ನು ಗೊನೆಯಿಂದ ಗೊನೆಗೆ ಒಯ್ಯುತ್ತದೆ. ಮಳೆ ತಾಗದಂತೆ ಗೊನೆಗಳಿಗೆ ಕೊಟ್ಟೆ ಕಟ್ಟುವುದು ಹಿರಿಯರ ಉಪಾಯವಾಗಿತ್ತು. ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದ ಆರಂಭದಲ್ಲೊಮ್ಮೆ, ಸುಮಾರು ನಲವತ್ತು ದಿನಗಳ ಬಳಿಕ ಇನ್ನೊಮ್ಮೆ ಸಿಂಪಡಿಸುವುದು ಈಗಿನ ರೂಢಿ.

ಇದೇ ವಂಶದ ಇನ್ನೊಂದು ಜೀವಿ ಕೆಸುವಿನ ಎಲೆಗಳಿಗೆ ಅಂಗಮಾರಿ ರೋಗವನ್ನು ತರುತ್ತದೆ. ಮೂರನೆಯದು ಆಲೂಗೆಡ್ಡೆಯ ಶತ್ರು. 1845ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಯನ್ನು ಅದು ನಾಶಮಾಡಿದಾಗ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ರೋಗಗಳಿಂದ ಸತ್ತರು. ಪೆಸಿಫಿಕ್ ಸಾಗರದ ಸಮೋವ ದ್ವೀಪಕ್ಕೆ 1993ರಲ್ಲಿ ಕೆಸುವಿನ ಅಂಗಮಾರಿ ಕಾಲಿಟ್ಟಿತು. ಅಲ್ಲಿಯ ರೈತರು ರಫ್ತಿಗೆ ಅನುಕೂಲವೆಂದು ಹೆಚ್ಚಾಗಿ ಒಂದೇ ತಳಿಯ ಕೆಸುವನ್ನು ನೆಟ್ಟಿದ್ದರು. ಆ ತಳಿಗೆ ರೋಗವನ್ನು ಎದುರಿಸುವ ಶಕ್ತಿಯಿರಲಿಲ್ಲ. ಒಂದೆರಡು ವರ್ಷಗಳಲ್ಲಿಯೇ ದ್ವೀಪದ ಕೆಸುವಿನ ರಫ್ತು ಹೆಚ್ಚುಕಡಿಮೆ ನಿಂತುಹೋಯಿತು. ಬೇರೆ ಬೇರೆ ದೇಶಗಳಿಂದ ತಂದ ತಳಿಗಳನ್ನು ಬೆರೆಸಿ ರೋಗವನ್ನು ತಾಳುವ ಹೊಸ ಕೆಸುವನ್ನು ಬೆಳೆಸಿದ ಮೇಲೆಯೇ ಅಲ್ಲಿಯ ಜನ ಚೇತರಿಸಿಕೊಂಡರು. ಒಂದೇ ಬೆಳೆಯನ್ನು, ಅದರಲ್ಲಿಯೂ ಒಂದೇ ತಳಿಯನ್ನು ನಂಬಿ ಕುಳಿತರೆ ಏನಾಗುತ್ತದೆ ಎಂಬ ಪಾಠವನ್ನು ಈ ಎರಡು ಘಟನೆಗಳೂ ಕಲಿಸುತ್ತವೆ.

ಕೊಳೆ ಬಂದ ವರ್ಷ ಮಲೆನಾಡಿನ ಮನೆಯಲ್ಲಿ ಹೀಗೊಂದು ಮಾತುಕತೆ ನಡೆದೀತು. ತಂದೆ ತೋಟದಿಂದ ಉದುರಿದ ಕಾಯಿಗಳ ಬುಟ್ಟಿಯನ್ನು ತಂದು ಅಂಗಳದಲ್ಲಿ ಇಳಿಸಿ ಮಾತಿಲ್ಲದೆ ಕುಳಿತಿದ್ದಾನೆ. ಹಿತ್ತಲಿನಿಂದ ಬಂದ ಅಜ್ಜಿಯ ಕೈಯಲ್ಲಿ ಕೆಸುವಿನ ಎಲೆಗಳ ಕಟ್ಟು.

“ಅಜ್ಜೀ, ಇವತ್ತೂ ಕೆಸುವೇ?” ಎಂದು ಮೊಮ್ಮಗ ಮುಖ ಸಿಂಡರಿಸುತ್ತಾನೆ.

“ಹೌದು ಅಪ್ಪೀ, ಇವತ್ತೂ ಕೆಸುವೇ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಎರಡು ಮಳೆಗಾಲ ಹೀಗೆಯೇ ಕೊಳೆ ಬಂತು. ಅಂಗಡಿಯವರು ಅಕ್ಕಿಯನ್ನು ಕಡ ಕೊಡುವುದನ್ನು ನಿಲ್ಲಿಸಿದರು. ಇದ್ದ ಅಕ್ಕಿಗೆ ಈ ಗೆಡ್ಡೆಯನ್ನೂ ಎಲೆಯನ್ನೂ ಕೂಡಿಸಿ ಉಂಡೆವು. ಆ ವರ್ಷ ಯಾರೂ ಕೆಸುವನ್ನು ಬೇಡವೆನ್ನಲಿಲ್ಲ.”

ಹುಡುಗ ಮತ್ತೆ ಮಾತಾಡುವುದಿಲ್ಲ. ಎಲೆಗಳನ್ನು ತೊಳೆಯಲು ಅಜ್ಜಿಗೆ ನೀರು ಸೇದಿಕೊಡುತ್ತಾನೆ.

ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ನೀರಿನಡಿ ಸೇರಿದವು. ನಾಡಿಗೆ ವಿದ್ಯುತ್ತು ಬಂದಿತು. ಆದರೆ ತಲೆಮಾರುಗಳಿಂದ ಬೆಳೆಸಿದ ತೋಟಗಳನ್ನು ಬಿಟ್ಟು ಜನ ಏಳಬೇಕಾಯಿತು. ಬೆಳೆದು ನಿಂತ ಅಡಿಕೆಯ ತೋಟವನ್ನು ಯಾರೂ ಹೊತ್ತುಕೊಂಡು ಹೋಗಲಾರರು. ಹೊಸ ಊರಿನಲ್ಲಿ ನೆಟ್ಟ ಸಸಿ ಕೈಗೆ ಬರಲು ಮತ್ತೆ ಏಳು ವರ್ಷ ಕಾಯಬೇಕು. ಕೆಸುವಿನ ಗೆಡ್ಡೆಯಾದರೋ ಸೆರಗಿನಲ್ಲಿ ಕಟ್ಟಿಕೊಂಡು ಹೋಗಬಹುದಾದ ವಸ್ತು; ಮೊದಲ ಮಳೆಗಾಲದಲ್ಲಿಯೇ ಅದು ಎಲೆ ಕೊಡುತ್ತದೆ. ದೀರ್ಘಕಾಲದ ಸಂಪತ್ತು ಮತ್ತು ತಕ್ಷಣದ ಅನ್ನ, ಇವೆರಡರ ವ್ಯತ್ಯಾಸ ಇಂತಹ ಕಷ್ಟಕಾಲದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇಂದು ಈ ಪ್ರಶ್ನೆ ಮತ್ತೆ ಎದುರಿಗೆ ಬಂದಿದೆ. ಧಾರಣೆ ಏರಿದಾಗಲೆಲ್ಲ ಭತ್ತದ ಗದ್ದೆಗಳು ಅಡಿಕೆಯ ತೋಟಗಳಾಗಿ ಮಾರ್ಪಡುತ್ತಿವೆ. ಕಣಿವೆಯ ಮರೆಯಿಲ್ಲದ ಬಯಲಿನಲ್ಲಿಯೂ, ಕೊಳವೆಬಾವಿಯ ನೀರನ್ನು ನಂಬಿ, ಅಡಿಕೆಯನ್ನು ನೆಡುತ್ತಿದ್ದಾರೆ. ಇತ್ತ 2022ರ ಸುಮಾರಿಗೆ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಹಲವು ತೋಟಗಳಲ್ಲಿ ಎಲೆಚುಕ್ಕಿ ರೋಗ ಹರಡಿ, ಹಸಿರಾಗಿದ್ದ ಸೋಗೆಗಳು ಸುಟ್ಟಂತೆ ಒಣಗಿದವು. ಹಿತ್ತಲಿನ ಕೆಸುವಿನ ಜಾಗವನ್ನು ಸಿಮೆಂಟಿನ ಅಂಗಳ ಆಕ್ರಮಿಸುತ್ತಿದೆ. ತರಕಾರಿ ಪೇಟೆಯಿಂದ ಚೀಲದಲ್ಲಿ ಬರುತ್ತಿದೆ. ತೋಟಕ್ಕೆ ರೋಗ ಬಂದ ವರ್ಷ ಪೇಟೆಯ ಚೀಲವನ್ನು ತುಂಬಿಸುವುದು ಹೇಗೆ ಎಂಬ ಚಿಂತೆಗೆ ಉತ್ತರ ಸುಲಭವಲ್ಲ.

ಹಾಗೆಂದ ಮಾತ್ರಕ್ಕೆ ಅಡಿಕೆಯನ್ನು ಬಿಟ್ಟು ಕೆಸುವನ್ನಷ್ಟೇ ಬೆಳೆಯಬೇಕೆಂದಲ್ಲ. ಕೆಸುವಿನಿಂದ ಮಕ್ಕಳ ಶಾಲೆಯ ಶುಲ್ಕ ಹುಟ್ಟುವುದಿಲ್ಲ. ಅಡಿಕೆಯಿಂದ ಹಸಿದ ಹೊಟ್ಟೆ ತುಂಬುವುದಿಲ್ಲ. ಒಂದು ಮನೆಯ ಸಂಪತ್ತು, ಇನ್ನೊಂದು ಮನೆಯ ಆಸರೆ. ಒಂದಕ್ಕೆ ಏಳು ವರ್ಷಗಳ ತಾಳ್ಮೆ ಬೇಕು, ಇನ್ನೊಂದಕ್ಕೆ ಒಂದು ಹಿಡಿ ತೇವದ ಮಣ್ಣು ಸಾಕು. ಹಿಂದಿನವರು ಕಣಿವೆಯಲ್ಲಿ ತೋಟವನ್ನೂ, ಬಯಲಿನಲ್ಲಿ ಗದ್ದೆಯನ್ನೂ, ಹಿತ್ತಲಿನಲ್ಲಿ ಕೆಸುವನ್ನೂ, ಮೇಲೆ ಬೆಟ್ಟವನ್ನೂ ಇಟ್ಟುಕೊಂಡಿದ್ದರು. ಒಂದು ಕೈಕೊಟ್ಟಾಗ ಇನ್ನೊಂದು ಕೈಹಿಡಿಯುತ್ತಿತ್ತು. ಆ ಹಂಚಿಕೆಯಲ್ಲಿ ಅನುಭವದಿಂದ ಬಂದ ವಿವೇಕವಿತ್ತು.

ಮುಂಗಾರಿನ ಮೊದಲ ಮಳೆ ಬಿದ್ದ ಮರುವಾರ ಹಿತ್ತಲಿನ ಕಡೆ ಒಮ್ಮೆ ಕಣ್ಣು ಹಾಯಿಸಿದರೆ, ಯಾರೂ ನೆಡದ, ಯಾರೂ ನೀರೆರೆಯದ ಒಂದು ಕೆಸುವಿನ ಸುರುಳಿ ಮಣ್ಣಿನಿಂದ ಮೇಲೆದ್ದಿರುವುದು ಕಂಡೀತು. ಅದನ್ನು ಕಳೆಯೆಂದು ಕಿತ್ತೆಸೆಯದೆ ಉಳಿಸಿಕೊಳ್ಳುವ ಮನೆಯಲ್ಲಿ, ತೋಟಕ್ಕೆ ಕೊಳೆ ಬಂದ ವರ್ಷವೂ ಒಲೆ ಉರಿಯುತ್ತದೆ.